‘ನಿಲ್’ ಎಂದು ಬರೆದ ಓಣಿ

೧೯೩೮ನೆಯ ಇಸವಿಯ ಕಾರ್ತಿಕದಲ್ಲಿ ನನಗೆ ನೌಕರಿ ಸಿಕ್ಕಿತು. ನಾನು ಕೇಳಿಕೊಂಡು ಹೋದದ್ದಲ್ಲ, ಅದೇ ಮನೆ ಹುಡುಕಿಕೊಂಡು ಬಂತು. ನಮ್ಮವರು ಆಗ ಅಕ್ಕಿಆಲೂರಿನಲ್ಲಿ ಕನ್ನಡ ಶಾಲೆಯ ಮಾಸ್ತರರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ ಓದಿ, ಮದುವೆಯಾಗಿ, ಬೆಳಗಿನ ಲಿಂಗಪೂಜೆ, ಮನೆಮಂದಿಯ ರೊಟ್ಟಿ, ಎಮ್ಮೆಯ ಚಾಕರಿ, ಇಷ್ಟರಲ್ಲೇ ಸುಖವಾಗಿದ್ದವಳು. ಶಿವ ಕೊಟ್ಟಿದ್ದು ಸಾಕಾಗಿತ್ತು.

ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಸಂಶೋಧನಾ ಕೇಂದ್ರದವರು ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳ ಸರ್ವೆ ನಡೆಸುತ್ತಿದ್ದರು. ಯಾವ ಮನೆಯಲ್ಲಿ ಎಷ್ಟು ಜನ, ಏನು ಉಣ್ಣುತ್ತಾರೆ, ಎಷ್ಟು ಕೂಸು ಹುಟ್ಟಿದವು, ಎಷ್ಟು ತೀರಿಕೊಂಡವು, ಎಲ್ಲವನ್ನೂ ಕೇಳಿ ಬರೆದುಕೊಳ್ಳುವುದು. ಅದಕ್ಕಾಗಿ ಅಚ್ಚು ಹಾಕಿದ ಹಾಳೆಗೆ ‘ಶೆಡ್ಯೂಲ್’ ಎನ್ನುತ್ತಿದ್ದರು. ಪ್ಯಾಂಟು ಹಾಕಿದವರು ಬಂದು ಹೆರಿಗೆಯ ಮಾತು ಕೇಳಿದರೆ ನಮ್ಮ ಕಡೆಯ ಹೆಂಗಸರು ಸೆರಗೆಳೆದುಕೊಂಡು ಒಳಗೆ ಹೋಗದೆ ಇನ್ನೇನು ಮಾಡಿಯಾರು? ಅದಕ್ಕೇ ಓದುಬರಹ ಬಲ್ಲ ಒಬ್ಬ ಸಂಸಾರಸ್ಥೆ ಬೇಕಾಗಿದ್ದಳು. ಹುದ್ದೆಯ ಹೆಸರು ‘ಲೇಡಿ ಇನ್ವೆಸ್ಟಿಗೇಟರ್’. ನಮ್ಮ ಅತ್ತೆಯವರು ಕೇಳಿ ನಕ್ಕರು.

“ಅಲ್ಲ, ಮಂದಿ ಮನಿ ಸುದ್ದಿ ಕೇಳಾಕ ಪಗಾರ ಕೊಡ್ತಾರ? ನಮ್ಮ ಓಣ್ಯಾಗ ಪುಗಸಟ್ಟೆ ಮಾಡಾವ್ರು ಭಾಳ ಮಂದಿ ಅದಾರಲ್ಲ!”

ನಕ್ಕರೂ ಹೋಗಲು ಬಿಟ್ಟರು. ಅದನ್ನು ನಾನು ಇವತ್ತಿಗೂ ದೇವರ ದಯೆ ಎಂದೇ ಎಣಿಸುತ್ತೇನೆ.

ನನಗೆ ಕೊಟ್ಟ ಊರು ಶಿಗ್ಗಾಂವಿಯಿಂದ ಹಿರೇಬೆಂಡಿಗೇರಿಯ ಕಡೆ ಹೋಗಿ, ಅಲ್ಲಿಂದ ಚಕ್ಕಡಿಯಲ್ಲಿ ಒಳಗೆ ಸಾಗಿದರೆ ಸಿಗುತ್ತದೆ. ಸವಣೂರು ಆಗ ನವಾಬರ ಸಂಸ್ಥಾನ. ಊರಿನ ಹೊಲಗಳು ಮುಗಿದಲ್ಲಿ ನವಾಬರ ಸೀಮೆ ಶುರು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಆ ಮನೆಗಳ ಮೊಮ್ಮಕ್ಕಳು ಈಗ ಓದಬಲ್ಲವರು. ನನ್ನ ನಾದಿನಿ ಶಾಂತವ್ವನನ್ನು ಅದೇ ಊರಿಗೆ ಕೊಟ್ಟಿತ್ತು, ಮೇಲಿನ ಓಣಿಯ ಮನೆ. ನಾನು ಅಲ್ಲೇ ಉಳಿದೆ.

ಕೇಂದ್ರದ ಕಡೆಯಿಂದ ಬಂದಿದ್ದ ಸಂಶೋಧಕರು ಹಿರೇಕೆರೂರು ತಾಲೂಕಿನವರೇ, ಮೂವತ್ತರ ಒಳಗಿನವರು. ಕಾಗದಪತ್ರದ ಮೇಲೆಲ್ಲ ಬರೀ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರಗಳ ಸಹಿ. ನಾನು ಸಾಹೇಬರೆಂದೇ ಕರೆಯುತ್ತಿದ್ದೆ. ಅವರು ಮೊದಲ ದಿನವೇ ನನಗೆ ಎರಡು ಸಂಗತಿ ಬಿಡಿಸಿ ಹೇಳಿದರು. ಒಂದು, ಜಿಲ್ಲಾ ಬೋರ್ಡಿನವರು ಈ ಭಾಗಕ್ಕೆ ತರಬೇತಿ ಪಡೆದ ಒಬ್ಬ ನರ್ಸಬಾಯಿಯನ್ನು ಕೊಡಲು ಒಪ್ಪಿದ್ದಾರೆ. ಅವಳು ಈ ಊರಿನಲ್ಲಿ ಇರಬೇಕೋ ಹಳ್ಳದಾಚೆಯ ಇನ್ನೊಂದು ಊರಿನಲ್ಲಿ ಇರಬೇಕೋ ಎಂಬುದನ್ನು ನಮ್ಮ ಸರ್ವೆ ನೋಡಿ ತೀರ್ಮಾನಿಸುತ್ತಾರೆ. ಎಲ್ಲಿ ಹಸುಗೂಸುಗಳು ಹೆಚ್ಚು ಸಾಯುತ್ತವೋ ಅಲ್ಲಿಗೆ. ಎರಡನೆಯದು ಅವರ ಕೇಂದ್ರದ ಹಿರಿಯರು ಹಾಕಿದ ಕಟ್ಟಳೆ. ಊರಿನಿಂದ ಏನು ಬರೆದುಕೊಂಡು ಹೋದರೂ ಅಚ್ಚಿಗೆ ಕೊಡುವ ಮೊದಲು ಅದೇ ಊರಿನಲ್ಲಿ, ಎಲ್ಲರ ಎದುರು, ಅವರದೇ ಮಾತಿನಲ್ಲಿ ಓದಬೇಕು. ಆಗ ಎರಡನೆಯದು ನನಗೆ ಬರೀ ಮರ್ಯಾದೆಯ ಮಾತಾಗಿ ಕಂಡಿತ್ತು.

ಮೇಲಿನ ಓಣಿಯ ಕೆಲಸ ಸಲೀಸಾಗಿ ಮುಗಿಯಿತು. ಹುಟ್ಟಿದ್ದು ಹೇಳಿದರು, ಹೋದದ್ದು ಹೇಳಿದರು, ಕೆಲವರು ಅತ್ತರು, ಎಲ್ಲರೂ ಉಪ್ಪಿಟ್ಟು ತಿನ್ನಿಸಿದರು. ಆಮೇಲೆ ಕೆಳಗಿನ ಓಣಿಗೆ ಇಳಿದೆ.

ಮೊದಲ ಮನೆಯ ಕಟ್ಟೆಯ ಮೇಲೆ ಹೆಣ್ಣುಮಗಳೊಬ್ಬಳು ಕೂಸಿಗೆ ಮೊಲೆ ಕೊಡುತ್ತ ಕುಳಿತಿದ್ದಳು. ಪಕ್ಕದಲ್ಲಿ ಕುಳಿತು ಕೇಳಿದೆ.

“ಮಕ್ಕಳೆಷ್ಟವ್ವಾ ನಿನಗ?”

“ಮಕ್ಕಳಿಲ್ಲರಿ.”

“ಮತ್ತ ಈ ಕೂಸು?”

“ಇದು ನಂದಲ್ಲರಿ. ತಿಪ್ಪ್ಯಾಗ ಸಿಕ್ಕಿದ್ದು.”

ಅವಳು ನಗಲಿಲ್ಲ. ಕೂಸು ಅವಳ ಮೊಲೆ ಕುಡಿಯುತ್ತಲೇ ಇತ್ತು. ಮೂಗು, ಹಣೆ ಎಲ್ಲ ಅವಳದೇ ಅಚ್ಚು.

ಎರಡನೆಯ ಮನೆಯಲ್ಲಿ ನಡೆಯುವ ಮಗು ಓಡಿ ಬಂದು ಹೆತ್ತವಳ ಸೀರೆ ಹಿಡಿದು “ಚಿಗವ್ವಾ” ಎಂದಿತು. ಅವಳಿಗೂ ಮಕ್ಕಳಿಲ್ಲ. ಮೂರನೆಯ ಮನೆಯಲ್ಲಿ ಮಕ್ಕಳು ಹಡೆದವಳನ್ನೇ ಅಕ್ಕ ಎಂದು ಕರೆಯುತ್ತಿದ್ದವು. ಆಗ ಗಮನಿಸಿದೆ. ಬೆಳಗಿನಿಂದ ಆ ಓಣಿಯಲ್ಲಿ ಇಷ್ಟು ಮಕ್ಕಳು ಆಡುತ್ತಿವೆ, ಬೀಳುತ್ತಿವೆ, ಅಳುತ್ತಿವೆ. ಒಂದಾದರೂ ‘ಅವ್ವಾ’ ಎಂದು ಕೂಗಿಲ್ಲ.

ಎದುರಿಗೆ ಆಡುತ್ತಿದ್ದ ಒಂದು ಹುಡುಗಿಯ ಹೆಸರು ಕೇಳಿಕೊಂಡಿದ್ದೆ. “ತಿಪ್ಪವ್ವಾ, ಬಾ ಇಲ್ಲೆ” ಎಂದೆ. ಓಣಿಯ ಆ ತುದಿಯವರೆಗೆ ಅಷ್ಟೂ ಹುಡುಗಿಯರು ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. ಎಲ್ಲರ ಹೆಸರೂ ಅದೇ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದ ನನ್ನ ಬಾಯಲ್ಲಿ ಓಂ ನಮಃ ಶಿವಾಯ ತಾನಾಗಿ ಬಂತು.

ನಮ್ಮ ಸೀಮೆಯ ಹೆಂಗಸರಿಗೆ ಈ ಪದ್ಧತಿ ಹೊಸದಲ್ಲ. ಕೂಸುಗಳು ಉಳಿಯದ ಮನೆಯಲ್ಲಿ ಹೊಸದಾಗಿ ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬರುತ್ತಾರೆ. ಬೇರೊಬ್ಬಳು ಎತ್ತಿಕೊಂಡು ಬಂದು ಹಿಡಿ ನುಚ್ಚಿಗೆ ಹಡೆದವಳಿಗೇ ಮಾರುತ್ತಾಳೆ. ಹುಟ್ಟಿದ ಐದನೆಯ ದಿನ ಹಣೆಬರಹ ಬರೆಯಲು ಬರುವ ಶೆಟಗವ್ವ ತಾಯಿ “ಇದು ಯಾರ ಮನೆಯದೂ ಅಲ್ಲ, ಕಸ” ಎಂದು ಕೈಬಿಟ್ಟು ಹೋಗಲಿ ಎಂದು. ಅದಕ್ಕೇ ತಿಪ್ಪವ್ವ, ತಿಪ್ಪಣ್ಣ ಎಂಬ ಹೆಸರು. ಆದರೆ ಊರಿಗೆ ಒಂದೆರಡು ಮನೆ ಇರುವುದು ಸಹಜ. ಓಣಿಗೆ ಓಣಿಯೇ ತಾಯಂದಿರಿಲ್ಲದ ಮಕ್ಕಳಿಂದ ತುಂಬಿದ್ದನ್ನು ನಾನು ನೋಡಿರಲಿಲ್ಲ. ಉಳಿದ ಒಂದೊಂದು ತಿಪ್ಪವ್ವನ ಹಿಂದೆ ಉಳಿಯದವು ಎಷ್ಟೋ!

ಸಂಜೆ ಶಾಂತವ್ವನಿಗೆ ಹೇಳಿದರೆ ಅವಳು ನನ್ನ ಕೈ ಹಿಡಿದುಕೊಂಡಳು.

“ವೈನಿ, ಈಗ ಅವರನ್ನ ಕೇಳಬ್ಯಾಡ್ರಿ. ಓಣ್ಯಾಗ ಬಸುರಿ ಅದಾಳ, ಗಂಗವ್ವ. ಮುಂಚಿನವು ಎರಡೂ ನಿಂತಿಲ್ಲ. ಹೋದ ಕೂಸಿನ ಮಾತು ಬಸುರಿ ಕಿವಿಗೆ ಬಿದ್ರ ಶೆಟಗವ್ವ ಮನಿ ಗುರುತು ಹಿಡೀತಾಳ ಅಂತ ಎಲ್ಲಾರೂ ಬಾಯಿ ಕಟ್ಟ್ಯಾರ.”

‘ನಿಂತಿಲ್ಲ’ ಎಂದರೆ ನಮ್ಮಲ್ಲಿ ಕೂಸು ಬದುಕಲಿಲ್ಲ ಎಂದರ್ಥ. ಸಾಯುವುದು ಎಂಬ ಮಾತನ್ನು ಕೂಸಿಗೆ ಯಾರೂ ಬಳಸುವುದಿಲ್ಲ.

ಸಾಹೇಬರಿಗೆ ಎಲ್ಲ ವಿವರಿಸಿದೆ. ಅವರು ಹೇಳಿದರು. “ಅಕ್ಕಾರ, ನೀವು ಹೇಳೂದು ಖರೆ ಇರಬಹುದು. ಆದ್ರ ಅವರ ಬಾಯಿಂದ ಬರದ್ದನ್ನ ನಾ ಬರಿಯೂ ಹಂಗಿಲ್ಲ. ಊಹಿ ಮ್ಯಾಲೆ ಒಂದು ಕೂಸು ಕೂಡಿಸಿದ್ರೂ ಉಳಿದಿದ್ದೆಲ್ಲಾ ಸುಳ್ಳಾಗತೈತಿ.” ಅದು ಸರಿಯಾದ ಮಾತೇ. ನಾನು ಊಹಿಸಿ ಬರೆದರೆ ನಾಳೆ ಇನ್ನೊಬ್ಬರು ತಮಗೆ ಬೇಕಾದ ಹಾಗೆ ಊಹಿಸುತ್ತಾರೆ.

ಕೊನೆಗೆ ಉಳಿದದ್ದು ಗಂಗವ್ವನ ಮನೆ. ಅವಳಿಗೆ ತವರಿನವರು ಯಾರೂ ಉಳಿದಿರಲಿಲ್ಲ, ಹೆರಿಗೆಗಳೆಲ್ಲ ಇಲ್ಲೇ. ಅತ್ತೆ ಗೌರವ್ವ ಆ ಓಣಿಯ ಸೂಲಗಿತ್ತಿ. ಎತ್ತರದ ಮುದುಕಿ, ಹಣೆ ತುಂಬ ವಿಭೂತಿ, ಒಂದು ಪೈ ಮುಟ್ಟದೆ ಓಣಿಯ ಹೆರಿಗೆಗಳನ್ನೆಲ್ಲ ಮಾಡಿಸಿದವಳು. ಮೇಲಿನ ಓಣಿಯವರು ಮಾತ್ರ ಸವಣೂರಿನಿಂದ ಬೇರೆಯವಳನ್ನು ಕರೆಸುತ್ತಿದ್ದರು. ಗೌರವ್ವನ ದೇವರ ಗೂಡಿನಲ್ಲಿ ಬಸವಣ್ಣನ ಪಕ್ಕ ಒಂದು ಕುಡುಗೋಲು ಇತ್ತು. ಕುಂಕುಮ ಹಚ್ಚಿ, ಹೂವಿಟ್ಟಿದ್ದಳು. ಕೂಸಿನ ಹೊಕ್ಕಳಬಳ್ಳಿ ಕೊಯ್ಯುವ ಕುಡುಗೋಲು ಅದು. ಐದನೆಯ ದಿನದ ಶೆಟಗವ್ವನ ಪೂಜೆಗೂ ಅದನ್ನೇ ಇಡುತ್ತಾಳಂತೆ.

ಪ್ರಶ್ನೆ ಕೇಳುತ್ತಿದ್ದ ನನ್ನನ್ನು ಬಿಟ್ಟು ಅವಳು ಅಂಗಳದಲ್ಲಿ ನಿಂತಿದ್ದ ಸಾಹೇಬರನ್ನೇ ನೋಡಿದಳು.

“ತಮ್ಮಾ, ನಿನ್ನ ಹೆಸರೇನೋ?”

ಅವರು ಇಂಗ್ಲಿಷ್ ಅಕ್ಷರಗಳನ್ನು ಹೇಳಿದರು.

“ಅದಲ್ಲೋ. ನಿಮ್ಮವ್ವ ಕರಿಯೂ ಹೆಸರು.”

“ಅಡಿವೆಪ್ಪ.”

“ನಿನಕಿಂತ ಮೊದಲ ಎಷ್ಟು ಹೋಗಿದ್ವೋ ಯಪ್ಪಾ?”

“ಯಾವೂ ಇಲ್ಲವ್ವಾ. ನಾನ ಹಿರಿಯಾವ.”

ಗೌರವ್ವ ತಲೆ ಅಲ್ಲಾಡಿಸಿದಳು. “ಅಡಿವ್ಯಾಗ ಬಿಟ್ಟು ತಂದ ಹೆಸರು. ಹಿರೇಮಗಗ ಯಾರೂ ಇಡೂದಿಲ್ಲ. ಹೋಗಿ ನಿಮ್ಮವ್ವನ್ನ ಕೇಳು. ನಿನ್ನ ಅಣ್ಣಗೋಳು ಎಲ್ಲೆ ಅದಾರಂತ.”

ಮರುದಿನ ಸಾಹೇಬರು ಹೇಳದೆ ಕೇಳದೆ ತಮ್ಮ ಊರಿಗೆ ಹೋದರು. ತಿರುಗಿ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವರೇ ಹೇಳಿದರು, “ಮೂರು ಇದ್ವಂತ್ರಿ ಅಕ್ಕಾರ. ಈ ವಯಸ್ಸಿನ ತನಕ ನಮ್ಮನ್ಯಾಗ ಯಾರೂ ಬಾಯಿ ಬಿಟ್ಟಿದ್ದಿಲ್ಲ.” ಆದರೂ ಶೆಡ್ಯೂಲಿನಲ್ಲಿ ಅವರು ಒಂದು ಅಕ್ಷರ ತಿದ್ದಲಿಲ್ಲ. ತಮ್ಮ ಮನೆಯ ಸತ್ಯ ಗೊತ್ತಾಯಿತೆಂದು ಕಂಡವರ ಮನೆಯದನ್ನು ತಾವೇ ಬರೆಯಬಾರದು ಎಂದರು.

ಸಂಕ್ರಾಂತಿ ಕಳೆದ ಮೇಲೆ ಕೋಷ್ಟಕಗಳು ತಯಾರಾಗಿ ಬಂದವು. ಹಳ್ಳದಾಚೆಯ ಊರಿನಲ್ಲಿ ಸಾವುಗಳಿದ್ದವು. ಶಾಂತವ್ವನ ಊರಿನ ಮೇಲಿನ ಓಣಿಯಲ್ಲಿ ಸ್ವಲ್ಪ. ಕೆಳಗಿನ ಓಣಿಯ ಎದುರು ಒಂದೇ ಶಬ್ದ, ‘ನಿಲ್’. ಇಂಗ್ಲಿಷಿನಲ್ಲಿ ಹಾಗೆಂದರೆ ಏನೂ ಇಲ್ಲ, ಸೊನ್ನೆ. ಹುಟ್ಟಿದ್ದು ನಿಲ್, ಹೋದದ್ದು ನಿಲ್. ಲೆಕ್ಕ ಕೂಡಿಸಿದ ಗುಮಾಸ್ತರೊಬ್ಬರು ಬದಿಯಲ್ಲಿ ಪೆನ್ಸಿಲಿನಿಂದ “ಈ ಓಣಿಯಲ್ಲಿ ಅನಾಥ ಮಕ್ಕಳು ಬಹಳ, ಕಾರಣ ವಿಚಾರಿಸಿರಿ” ಎಂದು ಬರೆದಿದ್ದರು. ನಗು ಬರಬೇಕಿತ್ತು, ಬರಲಿಲ್ಲ. ನರ್ಸಬಾಯಿ ಹಳ್ಳದಾಚೆ ಹೋಗುತ್ತಾಳೆ, ಯುಗಾದಿಯ ಹೊತ್ತಿಗೆ ಗಂಗವ್ವ ಹೆರುತ್ತಾಳೆ. ನಡುವೆ ಉಳಿದದ್ದು ಆ ಕಟ್ಟಳೆಯ ಓದು ಒಂದೇ.

ಮಠದ ಅಂಗಳದಲ್ಲಿ ಇಳಿಹೊತ್ತಿಗೆ ಜನ ಕೂಡಿದರು. ಗಂಡಸರು ಮುಂದೆ. ಹೆಂಗಸರು ಹಿಂದೆ ಗೋಡೆಯ ಪಕ್ಕ, ಸೆರಗು ಮುಖದ ಮೇಲೆ. ಗಂಗವ್ವನೂ ಬಂದಿದ್ದಳು. ಮೊದಲ ಭಾಗವನ್ನು ನಾನು ನಮ್ಮ ಮಾತಿನಲ್ಲಿ ಓದಿದೆ. ಜೋಳದ ಬೆಲೆ, ಬಾವಿ, ಶಾಲೆ. ಮುಂದಿನವರು ಆಕಳಿಸಿದರು. ಒಬ್ಬಾತ “ನಮ್ಮ ಎತ್ತು ಎಷ್ಟದಾವ ಅಂತ ನಮಗ ಹೇಳಾಕ ಇಷ್ಟು ದೂರದಿಂದ ಬಂದ್ರ?” ಎಂದಾಗ ಎಲ್ಲರೂ ನಕ್ಕರು. ಹಸುಗೂಸುಗಳ ಕೋಷ್ಟಕ ಬಂದಾಗ ಸಾಹೇಬರು ಹಾಳೆ ತೆಗೆದುಕೊಂಡು ತಾವೇ ಓದಿದರು. ಗಾಬರಿಯಲ್ಲಿ ಇಂಗ್ಲಿಷ್ ಶಬ್ದವನ್ನು ಬದಲಿಸುವುದನ್ನೇ ಮರೆತರು.

“ಕೆಳಗಿನ ಓಣಿ. ಕೂಸುಗಳು... ನಿಲ್.”

ಹಿಂದಿನಿಂದ ಒಂದು ಹೆಣ್ಣುಧ್ವನಿ ಕೇಳಿತು.

“ನಿಂತಾವ?”

ಯಾರಿಗೂ ಅರ್ಥವಾಗಲಿಲ್ಲ. ಧ್ವನಿ ಮತ್ತೆ ಬಂತು, ಈಗ ಏರಿತ್ತು. “ಯಾವ ಕೂಸು ನಿಂತಾವ್ರೀ ನಮ್ಮ ಓಣ್ಯಾಗ? ಎಲ್ಲೆ ನಿಂತಾವ? ತೋರಸ್ರಿ ನನಗ!”

ಗಂಗವ್ವ ಎದ್ದು ನಿಂತಿದ್ದಳು. ‘ನಿಲ್’ ಎಂಬುದು ಅವಳ ಕಿವಿಗೆ ನಮ್ಮ ‘ನಿಲ್ಲು’ ಆಗಿ, ಕೂಸುಗಳು ಉಳಿದವೆಂಬಂತೆ ಬಿದ್ದಿತ್ತು. ಗೌರವ್ವ ಅವಳ ಬಾಯಿಗೆ ಅಂಗೈ ಒತ್ತಿದಳು. “ಬ್ಯಾಡ, ಮಗಳ, ಬ್ಯಾಡ. ಹೊಟ್ಟ್ಯಾಗಿಂದು ಕೇಳತೈತಿ.” ಗಂಗವ್ವ ಆ ಕೈ ಸರಿಸಿದಳು.

“ಕೇಳ್ಲಿ ಬಿಡತ್ತಿ. ಇಷ್ಟು ದಿನಾ ಸುಮ್ಮ ಕುಂತು ಯಾವುದನ್ನ ಉಳಿಸಿಕೊಂಡೇವಿ?” ಸಾಹೇಬರ ಕಡೆ ತಿರುಗಿದಳು. “ನಾ ಎರಡು ಹಡದೇನ್ರಿ. ಎರಡೂ ಹೋದ್ವು. ಏಳನೇ ದಿನ ಬಾಯಿ ಕಚ್ಚಿಕೊಂಡ್ವು, ಬಿಲ್ಲಿನಂಗ ಸೆಟದ್ವು. ಬರಕೋರಿ.”

ಆಮೇಲೆ ಆ ಮುಚ್ಚಿದ ಮುಖಗಳ ಸಾಲಿನಿಂದ ಇನ್ನೊಂದು ಧ್ವನಿ ಬಂತು. “ನಂದೂ ಏಳನೇ ದಿನರಿ.” ಮತ್ತೊಂದು. “ನಂದು ಆರಕ್ಕ. ಮಲಿ ಬಿಟ್ಟಿತು.” “ಸೆಟೀತ್ರಿ. ಕಣ್ಣು ತಗದ ಇತ್ತು.” ಯಾವ ಸೆರಗಿನೊಳಗಿಂದ ಯಾವ ಧ್ವನಿ ಬಂತೆಂದು ನಾನು ಹೇಳಲಾರೆ. ಮುಖಗಳಿಲ್ಲ, ಬರೀ ಸೆರಗುಗಳು. ಎಲ್ಲರೂ ಹೇಳುತ್ತಿದ್ದುದು ಒಂದೇ ಕೂಸಿನ ಕಥೆಯೇನೋ ಎನ್ನುವಂತೆ, ಒಂದೇ ಮಾತು, ಒಂದೇ ರೀತಿ. ಮುಂದೆ ಕುಳಿತ ಗಂಡಂದಿರು ಹಿಂದೆ ತಿರುಗಲಿಲ್ಲ. ನಾನು ಒಂದನ್ನೂ ಬಿಡದೆ ಬರೆದುಕೊಂಡೆ. ಶಿವ ಅಷ್ಟು ಬಲ ಕೊಟ್ಟ.

ಅದು ಧನುರ್ವಾಯು. ಕೇಂದ್ರದವರು ಆ ಹಾಳೆಗಳನ್ನು ಡಾಕ್ಟರೊಬ್ಬರಿಗೆ ತೋರಿಸಿದರು. ಅವರು ಊರಿಗೇ ಬಂದು, ಅದೇ ಅಂಗಳದಲ್ಲಿ ಕುಳಿತು ಹೇಳಿದರು. ಕುದಿಸದ ಕಬ್ಬಿಣದಿಂದ ಹೊಕ್ಕಳಬಳ್ಳಿ ಕೊಯ್ದು, ಗಾಯಕ್ಕೆ ಸಗಣಿ ಕುಳ್ಳಿನ ಬೂದಿ ಹಚ್ಚಿದರೆ ಅದರ ವಿಷ ಏರಿ, ವಾರದೊಳಗೆ ಕೂಸಿನ ದವಡೆ ಕಚ್ಚಿಕೊಳ್ಳುತ್ತದೆ. ಅವರು ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಗೌರವ್ವ ಮಾತು ಮುಗಿಯುವ ತನಕ ಕುಳಿತಿದ್ದು, ಎದ್ದು ಮನೆಗೆ ಹೋದಳು. ಆ ಕುಡುಗೋಲು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ದೇವರ ಗೂಡಿನಲ್ಲಿ ಅದರ ಜಾಗ ಖಾಲಿ ಇತ್ತು, ಕುಂಕುಮದ ಕಲೆ ಮಾತ್ರ ಉಳಿದಿತ್ತು.

ತಿದ್ದಿದ ಕೋಷ್ಟಕ ಬೋರ್ಡಿಗೆ ಹೋಯಿತು. ಅದರ ಸಾರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಚಾವಡಿಯ ಗೋಡೆಗೂ ಅಂಟಿಸಿದರು. ಶಿವರಾತ್ರಿಯ ಮೇಲೆ ನರ್ಸಬಾಯಿ ಶಾಂತವ್ವನ ಊರಿಗೇ ಬಂದಳು. ವಾರದಲ್ಲಿ ಎರಡು ದಿನ ಹಳ್ಳದಾಚೆ ಹೋಗಿ ಬರುವುದೆಂದಾಯಿತು. ಬಂದವಳು ಮಾತು ಬಲ್ಲವಳು. ಮೊದಲ ದಿನವೇ ಗೌರವ್ವನ ಕಟ್ಟೆಯ ಮೇಲೆ ಹೋಗಿ ಕುಳಿತು, “ಅಜ್ಜೀ, ಕೈ ನಿಮ್ಮದು, ಕತ್ತರಿ ನಂದು. ಇಬ್ಬರೂ ಕೂಡಿ ಮಾಡೂಣೇನು?” ಎಂದಳು. ಗೌರವ್ವ ಮುಖ ತಿರುಗಿಸಿದಳು.

ಗಂಗವ್ವನಿಗೆ ಹೆಣ್ಣು ಹುಟ್ಟಿತು. ನಾನು ಸುದ್ದಿ ಕೇಳಿ ನಮ್ಮವರನ್ನು ಕರೆದುಕೊಂಡು ಹೋದೆ. ಕತ್ತರಿ ಕುದಿಸಿದ್ದರು, ದಾರ ಕುದಿಸಿದ್ದರು, ಬೂದಿ ಮುಟ್ಟಿಸಿರಲಿಲ್ಲ. ಆದರೂ ಐದನೆಯ ದಿನ ಕಳೆದು ಆರನೆಯದು ಬಂದಾಗ ಓಣಿಯಲ್ಲಿ ಬೀಸುವ ಕಲ್ಲಿನ ಸದ್ದು ನಿಂತಿತು. ಏಳನೆಯ ದಿನ ಮಕ್ಕಳು ಹೊರಗೆ ಆಡಲು ಬರಲಿಲ್ಲ. ಒಬ್ಬೊಬ್ಬಳು ತನ್ನ ಹೊಸ್ತಿಲ ಮೇಲೆ ಕುಳಿತು ಆ ಒಂದು ಮನೆಯ ಕಡೆ ಕಿವಿ ಕೊಟ್ಟಿದ್ದಳು. ಬೆಳಿಗ್ಗೆಯೆಲ್ಲ ಅತ್ತ ಕೂಸು ಊಟದ ಹೊತ್ತಿಗೆ ಥಟ್ಟನೆ ಸುಮ್ಮನಾಯಿತು.

ಹೊರಗೆ ಗೌರವ್ವನೂ ನಾನೂ ಇದ್ದೆವು. ಅವಳು ಎದ್ದು, ಬಾಗಿಲ ತನಕ ಹೋಗಿ, ಚೌಕಟ್ಟು ಹಿಡಿದು ನಿಂತುಬಿಟ್ಟಳು.

“ನೀವ ನೋಡಿ ಬರ್ರಿ ಅಕ್ಕಾರ. ನಾ ಭಾಳ ನೋಡೇನಿ.”

ಒಳಗೆ ಕತ್ತಲೆ. ನರ್ಸಬಾಯಿ ಕೂಸಿನ ಮೇಲೆ ಬಾಗಿದ್ದಳು. ಗಂಗವ್ವ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಕೂಸು ಅಲ್ಲಾಡದೆ ಮಲಗಿತ್ತು. ನರ್ಸಬಾಯಿ ತನ್ನ ಕಿರುಬೆರಳನ್ನು ಅದರ ತುಟಿಗೆ ತಾಗಿಸಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ತಾಗಿಸಿದಳು. ಬಾಯಿ ತೆರೆಯಿತು. ಬೆರಳನ್ನು ಹಿಡಿದು ಚೀಪತೊಡಗಿತು. ಹೊಟ್ಟೆ ತುಂಬಿ ನಿದ್ದೆ ಹೋದ ಕೂಸು, ನಿದ್ದೆಯಲ್ಲೇ.

ಹೊರಗೆ ಬಂದು ಹೇಳಿದೆ. ಗೌರವ್ವ ಒಳಗೆ ಹೋಗಲಿಲ್ಲ. ಅಂಗಳ ದಾಟಿ ಓಣಿಗೆ ಇಳಿದಳು. ಮೊದಲ ಮನೆಯ ಮುಂದೆ ನಿಂತು, ಎರಡೂ ಕೈ ಎತ್ತಿ ಮುಗಿದಳು. ಮುಂದಿನ ಮನೆಗೆ ಹೋಗಿ ಅಲ್ಲೂ ಮುಗಿದಳು. ಹೀಗೆ ಓಣಿಯ ತುದಿಯವರೆಗೆ. ಯಾರೂ ಬಾಗಿಲು ಮುಚ್ಚಲಿಲ್ಲ. ಅವಳು ಬೆನ್ನು ಬಾಗಿಸಿಕೊಂಡು ಮನೆಯಿಂದ ಮನೆಗೆ ನಡೆಯುವುದನ್ನು ನಾನು ಅಷ್ಟರಲ್ಲಿ ಬಂದಿದ್ದ ಶಾಂತವ್ವನ ಕೈ ಹಿಡಿದುಕೊಂಡು ನೋಡುತ್ತಿದ್ದೆ. ಅವಳ ಮನಸ್ಸಿನಲ್ಲಿ ಏನಿತ್ತೋ ಶಿವನೇ ಬಲ್ಲ. ಮರುವಾರ ಇನ್ನೊಂದು ಮನೆಗೆ ನರ್ಸಬಾಯಿಯನ್ನು ಕರೆದಾಗ, ಬಿಸಿನೀರಿನ ಹಂಡೆ ಹಿಡಿದು ಅವಳ ಹಿಂದೆ ಹೋದವಳು ಗೌರವ್ವನೇ ಎಂದು ಆಮೇಲೆ ಕೇಳಿದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಂದಿಯ ಮನೆಯಿಂದ ಮಾತು ತೆಗೆದುಕೊಂಡು ಹೋಗಿ ದೊಡ್ಡ ಊರಿನ ಕಪಾಟಿನಲ್ಲಿ ಇಟ್ಟುಕೊಳ್ಳುವುದು, ನೈವೇದ್ಯವನ್ನು ಒಳಗೆ ಒಯ್ದು ಪ್ರಸಾದ ಹಂಚದೆ ಬಾಗಿಲು ಹಾಕಿಕೊಂಡ ಹಾಗೆ. ನಮ್ಮ ಕೋಷ್ಟಕ ತಪ್ಪಾಗಿತ್ತು, ಯಾರೂ ಮೋಸ ಮಾಡಿರಲಿಲ್ಲ. ಆ ತಪ್ಪನ್ನು ತಿದ್ದಬಲ್ಲವರು ಗೋಡೆಯ ಪಕ್ಕ ಮುಖ ಮುಚ್ಚಿಕೊಂಡು ಕುಳಿತಿದ್ದರು. ಅವರ ಕಿವಿಗೆ ಅದು ಬೀಳಬೇಕಿತ್ತು, ಅಷ್ಟೇ.

ಯುದ್ಧ ಶುರುವಾದ ಮೇಲೆ ಬೇರೆ ಕಡೆಯ ಸರ್ವೆಗಳು ಹುಟ್ಟಿಕೊಂಡವು. ೧೯೪೩ರಲ್ಲಿ ಹಾನಗಲ್ಲ ತಾಲೂಕಿನ ರೇಷನ್ ಧಾನ್ಯದ ವಿಚಾರಣೆಗೆಂದು ಒಬ್ಬರು ಟೋಪಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ನನಗೆ ಅನುಭವ ಉಂಟೆಂದು ಕೇಳಿ, ಕೆಲಸಕ್ಕೆ ಕರೆಯಲು ಬಂದವರು. ಚಹಾ ಕೊಟ್ಟು ಒಂದೇ ಮಾತು ಕೇಳಿದೆ.

“ಬರಕೊಂಡು ಹೋದಿದ್ದನ್ನ ತಿರುಗಿ ಬಂದು ಊರಾಗ ಓದ್ತೀರೇನ್ರಿ?”

“ಛೇ, ಅದೆಲ್ಲಾ ಸರಕಾರಿ ಗುಟ್ಟು, ತಾಯಿ.”

“ಹಂಗಾದ್ರ ನನಗ ಬರಾಕಾಗೂದಿಲ್ಲರಿ” ಎಂದೆ. ಅವರು ಇನ್ನೊಂದು ಬಟ್ಟಲು ಚಹಾ ಕುಡಿದು ಹೋದರು. ಹಂಚು ಕಾದಿತ್ತು. ನಾನು ರೊಟ್ಟಿ ಬಡಿಯಲು ಕುಳಿತೆ.